ಮೂಲ ಪ್ಲೇಟಿನ ಮಡಿ

ಇಂಗ್ಲೆಂಡಿನ ನಾರ್ದರ್ನ್ ಸೋಲ್ ಕುಣಿತದ ರಾತ್ರಿಗಳ ಪೋಸ್ಟರುಗಳಲ್ಲಿ, ಡಿಜೆಗಳ ಹೆಸರಿನ ಕೆಳಗೆ, ಮೂರಕ್ಷರದ ಒಂದು ಎಚ್ಚರಿಕೆ ಇರುತ್ತದೆ: ಓವಿಓ. ಇಲ್ಲಿ ಮೂಲ ಮುದ್ರಣದ ಪ್ಲೇಟುಗಳನ್ನು ಮಾತ್ರ ಹಾಕುತ್ತೇವೆ, ಮರುಮುದ್ರಣ, ಸಿಡಿ, ಲ್ಯಾಪ್‌ಟಾಪುಗಳಿಗೆ ಪ್ರವೇಶವಿಲ್ಲ ಎಂದು ಅದರ ಅರ್ಥ. 1966ರಲ್ಲಿ ಡೆಟ್ರಾಯಿಟಿನಲ್ಲೋ ಷಿಕಾಗೋದಲ್ಲೋ ಅಚ್ಚಾದ ಏಳಿಂಚಿನ ತಟ್ಟೆಯೇ ಆಗಬೇಕು. ಅದೇ ಹಾಡನ್ನು ಅದೇ ಟೇಪಿನಿಂದ, ಹಕ್ಕುದಾರರಿಗೆ ಹಣ ಕೊಟ್ಟು, ಮೊನ್ನೆ ಅಚ್ಚು ಹಾಕಿದ್ದರೆ ಅದು ಮೈಲಿಗೆ. ಅಂಥದ್ದನ್ನು ತಿರುಗಿಸಿದ ಡಿಜೆಗೆ ಮುಂದಿನ ಸಲ ಕರೆ ಬರುವುದಿಲ್ಲ.

ಈ ಮಡಿಗೆ ಅವರು ಕೊಡುವ ಕಾರಣ ಕೇಳಲು ಚೆನ್ನಾಗಿದೆ. ಅಮೆರಿಕದ ಕಪ್ಪು ಗಾಯಕರು ಸೋತು ಮೂಲೆ ಸೇರಿದ್ದಾಗ ಅವರ ಪ್ಲೇಟುಗಳನ್ನು ಗೋದಾಮುಗಳ ಧೂಳಿನಿಂದ ಎತ್ತಿ ತಂದವರು ನಾವು. ಆ ಪ್ಲೇಟನ್ನೇ ಹಾಕುವುದು ಆ ಗಾಯಕರಿಗೆ ನಾವು ತೋರುವ ಗೌರವ. ಅದಕ್ಕೆ ಸಾವಿರಾರು ಪೌಂಡು ಸುರಿಯುವುದು ಆ ಗೌರವದ ಅಳತೆ. ಸಂಗ್ರಾಹಕರು, ಡಿಜೆಗಳು, ಅವರನ್ನು ಸಂದರ್ಶಿಸುವ ಪತ್ರಕರ್ತರು ಎಲ್ಲ ಸೇರಿ ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ ಈಗ ಇದನ್ನು ಪ್ರಶ್ನಿಸಿದವನೇ ಅರಸಿಕನಾಗುತ್ತಾನೆ. ಆದರೂ ಚಿಂತೆಯಿಲ್ಲ, ಇದು ಪೂರ್ತಿ ತಲೆಕೆಳಗಾದ ಮಾತು. ಈ ನಿಯಮದಿಂದ ಮರ್ಯಾದೆ ಸಿಗುವುದು ಪ್ಲೇಟು ಇಟ್ಟುಕೊಂಡವನಿಗೆ. ಹಾಡಿದವರಿಗೆ ಕವಡೆ ಕಾಸೂ ಇಲ್ಲ. ಇನ್ನೂ ತಮಾಷೆಯೆಂದರೆ, ಈ ಕುಣಿತದ ಲೋಕ ಬೆಳೆದು ನಿಂತದ್ದೇ ಇವತ್ತು ಮೈಲಿಗೆ ಅನ್ನಿಸಿಕೊಂಡಿರುವ ಮರುಮುದ್ರಣಗಳ ಮೇಲೆ.

ಪರಿಚಯವಿಲ್ಲದವರಿಗೆ ಎರಡು ಮಾತು. 1960ರ ದಶಕದ ನಡುವಿನಲ್ಲಿ ಮೋಟೌನ್ ಕಂಪನಿಯ ಯಶಸ್ಸನ್ನು ನೋಡಿ ಅಮೆರಿಕದ ಊರೂರಿನಲ್ಲಿ ಸಣ್ಣ ಸಣ್ಣ ಸೋಲ್ ಲೇಬಲ್‌ಗಳು ಹುಟ್ಟಿಕೊಂಡವು. ಓಟದ ತಾಳ, ಹಿತ್ತಾಳೆ ವಾದ್ಯಗಳ ಅಬ್ಬರ, ಒಡೆದ ಹೃದಯದ ಸಾಹಿತ್ಯ. ಬಹುಪಾಲು ಹಾಡುಗಳು ಅಲ್ಲಿ ನೆಲಕಚ್ಚಿದವು. ಅತ್ತ ಅಮೆರಿಕದ ಕಪ್ಪು ಸಂಗೀತ ಫಂಕ್‌ನತ್ತ ಹೊರಳಿದ ಮೇಲೂ, ಇಂಗ್ಲೆಂಡಿನ ಉತ್ತರದ ಕಾರ್ಖಾನೆ ಊರುಗಳ ಹುಡುಗ ಹುಡುಗಿಯರು ಆ ಹಳೆಯ ಓಟದ ಹಾಡುಗಳನ್ನು ಬಿಡಲಿಲ್ಲ. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಕ್ಲಬ್ಬು 1971ರಲ್ಲಿ ಮುಚ್ಚಿತು. ಆಮೇಲೆ ಸ್ಟೋಕ್ ಬಳಿಯ ಗೋಲ್ಡನ್ ಟಾರ್ಚ್. 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನವರೆಗೆ ವಿಗನ್ ಕ್ಯಾಸಿನೊ. ವಿಗನ್‌ನಲ್ಲಿ ನಡುರಾತ್ರಿ ದಾಟಿ ಬಾಗಿಲು ತೆರೆದರೆ ಬೆಳಗಿನ ಎಂಟರವರೆಗೆ ಕುಣಿತ, ಅದೂ ಹೆಂಡವಿಲ್ಲದೆ. ಜಾರಲೆಂದು ನೆಲಕ್ಕೆ ಟಾಲ್ಕಮ್ ಪೌಡರು ಉದುರಿಸುತ್ತಿದ್ದರು. ಬದಲಿ ಅಂಗಿ, ಟವೆಲು ತುಂಬಿದ ಚೀಲ ಹೆಗಲಿಗೇರಿಸಿ ಬಸ್ಸು, ರೈಲು ಹಿಡಿದು ದೂರದೂರದ ಊರುಗಳಿಂದ ಬರುತ್ತಿದ್ದರು. ಕುಣಿದವರಲ್ಲಿ ಅನೇಕರಿಗೆ ನಿದ್ದೆ ಬಾರದಂತೆ ನೋಡಿಕೊಳ್ಳುತ್ತಿದ್ದದ್ದು ಆ್ಯಂಫೆಟಮಿನ್ ಮಾತ್ರೆ ಎಂಬುದನ್ನೂ ಹೇಳಿಬಿಡಬೇಕು. ನೆನಪು ಹಂಚಿಕೊಳ್ಳುವವರು ಇದನ್ನು ಬಿಟ್ಟು ಹೇಳುವುದುಂಟು.

ಈ ಲೋಕಕ್ಕೆ ಹೆಸರು ಕೊಟ್ಟವನು ಡೇವ್ ಗೊಡಿನ್. ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ. ಫುಟ್‌ಬಾಲ್ ನೋಡಲು ರಾಜಧಾನಿಗೆ ಬಂದ ಉತ್ತರದ ಹುಡುಗರು ಅಂಗಡಿಗೆ ನುಗ್ಗಿ ಹಳೆಯ ಓಟದ ಹಾಡುಗಳನ್ನೇ ಕೇಳುತ್ತಿದ್ದರು. ಅವರಿಗೆ ಹೊಸ ಫಂಕ್ ಕೇಳಿಸಿ ಹೊತ್ತು ಹಾಳುಮಾಡಬೇಡಿ, ನಾರ್ದರ್ನ್ ಸೋಲ್ ತೋರಿಸಿ ಎಂದು ತನ್ನ ಅಂಗಡಿಯವರಿಗೆ ಹೇಳಲು ಅವನು ಮಾಡಿಕೊಂಡ ಗುರುತು ಅದು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಗೊಡಿನ್ ಆ ಅಂಗಡಿಯ ಹೆಸರಿನಲ್ಲೇ ಒಂದು ಲೇಬಲ್ ನಡೆಸಿ, ಅಮೆರಿಕದಲ್ಲಿ 1965ರಲ್ಲಿ ಬಂದಿದ್ದ ಜೀನ್ ಚಾಂಡ್ಲರ್‌ನ ಹಾಡನ್ನು 1968ರಲ್ಲಿ ಮರುಮುದ್ರಿಸಿ ಬ್ರಿಟಿಷ್ ಜನಪ್ರಿಯ ಹಾಡುಗಳ ಪಟ್ಟಿಗೆ ಏರಿಸಿದ್ದನ್ನು ಹೇಳುವವರು ಕಡಿಮೆ. ಬದುಕಿನ ಕೊನೆಯ ವರ್ಷಗಳಲ್ಲಿ ಅವನು ಶ್ರದ್ಧೆಯಿಟ್ಟು ಮಾಡಿದ ಕೆಲಸವೂ ಮರುಮುದ್ರಣದ್ದೇ: ಕೆಂಟ್ ಲೇಬಲ್‌ಗಾಗಿ ಅಪರೂಪದ ಡೀಪ್ ಸೋಲ್ ಹಾಡುಗಳ ನಾಲ್ಕು ಸಿಡಿ ಸಂಪುಟ. ಹೆಸರಿಟ್ಟವನೇ ಸಿಡಿ ಕೈಯಲ್ಲಿ ಹಿಡಿದು ಬಂದರೆ ಓವಿಓ ರಾತ್ರಿಯ ಟರ್ನ್‌ಟೇಬಲ್ ಮುಟ್ಟಲು ಬಿಡುತ್ತಿರಲಿಲ್ಲ.

ಗೊಡಿನ್ ಒಬ್ಬನೇ ಅಲ್ಲ. ಟ್ಯಾಮ್ಸ್ ತಂಡದ ಹಾಡೊಂದು 1964ರಲ್ಲಿ ಅಮೆರಿಕದಲ್ಲಿ ಬಂದಿತ್ತು. ಏಳು ವರ್ಷದ ಮೇಲೆ ಉತ್ತರದ ಕುಣಿತಗಾರರ ಒತ್ತಾಯಕ್ಕೆ ಮರುಮುದ್ರಣಗೊಂಡು 1971ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಟ್ಯಾಮಿ ಲಿನ್‌ಳ ಹಳೆಯ ಹಾಡು ಮರುಮುದ್ರಣದಲ್ಲಿ ನಾಲ್ಕನೆಯ ಸ್ಥಾನ ಹಿಡಿಯಿತು. ಈ ಲೋಕದ ಮೊದಲ ಗೆಲುವುಗಳು ಇವು. ಲಕ್ಷಾಂತರ ಮನೆಗಳಿಗೆ ಆ ದನಿಗಳು ತಲುಪಿದ್ದು ಮರುಮುದ್ರಣದ ಮೂಲಕ. ಆಗ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಕ್ಲಬ್ಬಿನ ಒಳಗೂ ಅಷ್ಟೇ. ಇವತ್ತು ವಿಗನ್ ಎಂದರೆ ಕೈಮುಗಿಯುವವರಿಗೆ ಎಮಿಡಿಸ್ಕ್ ಎಂಬ ಹೆಸರು ನೆನಪಿಸಬೇಕು. ಅದು ಇಎಂಐ ಕಂಪನಿಯ ಖಾಲಿ ತಟ್ಟೆ. ಲೋಹದ ಹಲಗೆಯ ಮೇಲೆ ಮೆತ್ತನೆಯ ಮೆರುಗಿನ ಲೇಪ. ಒಬ್ಬನ ಬಳಿ ಅಪರೂಪದ ಪ್ಲೇಟಿದ್ದರೆ ಇನ್ನೊಬ್ಬ ಅದರ ನಕಲನ್ನು ಈ ತಟ್ಟೆಯ ಮೇಲೆ ಕೊರೆಸಿಕೊಳ್ಳುತ್ತಿದ್ದ. ಕೆಲವೇ ರಾತ್ರಿಗಳಲ್ಲಿ ಮುಳ್ಳು ತಿಂದು ಹಾಡು ಕರಕರ ಅನ್ನತೊಡಗುತ್ತಿತ್ತು. ನೆಲದ ಮೇಲಿದ್ದವರು ಅದಕ್ಕೂ ಕುಣಿದರು. ಮೇಲೆ ತಿರುಗುತ್ತಿರುವುದು ಮೂಲವೋ ನಕಲೋ ಎಂದು ಕಾಲು ಕೇಳಲಿಲ್ಲ. ಸುವರ್ಣಯುಗ ಎಂದು ಯಾವುದನ್ನು ಕೊಂಡಾಡುತ್ತಾರೋ ಅದು ಇವತ್ತಿನ ಓವಿಓ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ.

ಅದಕ್ಕಿಂತ ವಿಚಿತ್ರವಾದದ್ದು ಮುಚ್ಚಿಡುವ ಪದ್ಧತಿ. ಡಿಜೆಗೆ ಯಾರಿಗೂ ಗೊತ್ತಿಲ್ಲದ ಹಾಡೊಂದು ಸಿಕ್ಕಿದರೆ, ಪ್ಲೇಟಿನ ನಡುವಿನ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಪೆನ್ನಿನಲ್ಲಿ ಬೇರೊಬ್ಬ ಗಾಯಕನ ಹೆಸರು, ಬೇರೊಂದು ಹಾಡಿನ ಹೆಸರು ಬರೆದುಬಿಡುತ್ತಿದ್ದ. ಎದುರಾಳಿ ಡಿಜೆ ಇಣುಕಿ ನೋಡಿದರೂ ದಾರಿ ತಪ್ಪಲಿ ಎಂದು. ಹೀಗೆ ಮುಚ್ಚಿಟ್ಟ ಹಾಡುಗಳ ಪತ್ತೆದಾರಿಕೆ ಈಗಲೂ ಸಂಗ್ರಾಹಕರ ಮೆಚ್ಚಿನ ಕಥಾವಸ್ತು. ಜಾಣತನ, ಕಿಲಾಡಿತನ ಎಂದು ನಕ್ಕು ಹೇಳುತ್ತಾರೆ. ಗಾಯಕನಿಗೆ ಗೌರವ ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎಂಟುನೂರು ಜನ ಕುಣಿಯುತ್ತಿರುವ ಹಾಲಿನಲ್ಲಿ ಹಾಡಿದವನ ಹೆಸರನ್ನೇ ಬೇಕೆಂದು ಅಳಿಸಿಹಾಕಿದ ಪದ್ಧತಿ ಅದು. ಹಾಡಿದವನು ಒಬ್ಬ, ಹೆಸರು ಇನ್ನೊಬ್ಬನದು, ಚಪ್ಪಾಳೆ ಪ್ಲೇಟು ಹಾಕಿದವನಿಗೆ.

ಫ್ರಾಂಕ್ ವಿಲ್ಸನ್‌ಗೆ ಆದದ್ದೂ ಇದೇ. 1965ರಲ್ಲಿ ಮೋಟೌನ್‌ನ ಉಪಲೇಬಲ್ ಒಂದಕ್ಕೆ ಅವನು ಹಾಡಿದ ಡು ಐ ಲವ್ ಯು ಪ್ರಾಯೋಗಿಕ ಪ್ರತಿಗಳಾಗಿ ಅಚ್ಚಾಯಿತು, ಆದರೆ ಮಾರುಕಟ್ಟೆಗೆ ಬರಲೇ ಇಲ್ಲ. ವಿಲ್ಸನ್ ಹಾಡುವುದನ್ನು ಬಿಟ್ಟು ಹಾಡು ಬರೆಯುವ, ತಯಾರಿಸುವ ಕೆಲಸಕ್ಕೆ ನಿಂತ. ಎಡ್ಡಿ ಕೆಂಡ್ರಿಕ್ಸ್‌ಗೆ 1973ರಲ್ಲಿ ಅಮೆರಿಕದ ಮೊದಲ ಸ್ಥಾನ ತಂದುಕೊಟ್ಟವನು ಅವನೇ. ಮುಂದೆ ಮೋಟೌನ್ ಬಿಟ್ಟು ಕ್ರೈಸ್ತ ಧರ್ಮೋಪದೇಶಕನಾದ. ಉಳಿದಿದ್ದ ಒಂದು ಪ್ರತಿ ವ್ಯಾಪಾರಿಯೊಬ್ಬನ ಕೈಗೆ ಸಿಕ್ಕಿ, ಇಂಗ್ಲೆಂಡಿನ ಕ್ಲಬ್ಬುಗಳಿಗೆ ಹಾಡು ಬಂದದ್ದು ಎಡ್ಡಿ ಫಾಸ್ಟರ್ ಎಂಬ ಬೇರೊಬ್ಬ ಗಾಯಕನ ಹೆಸರಿನಲ್ಲಿ. ಫ್ರಾಂಕ್ ವಿಲ್ಸನ್ ಎಂಬ ಹೆಸರು ಬ್ರಿಟನ್ನಿನ ಅಂಗಡಿಗಳಲ್ಲಿ ಆ ಹಾಡಿನ ಮೇಲೆ ಕಾಣಿಸಿಕೊಂಡದ್ದು 1979ರಲ್ಲಿ, ಟ್ಯಾಮ್ಲಾ ಮೋಟೌನ್ ಅದನ್ನು ಅಧಿಕೃತವಾಗಿ ಅಚ್ಚು ಹಾಕಿದಾಗ. ಹೆಸರನ್ನು ಕಿತ್ತುಕೊಂಡದ್ದು ಅಪರೂಪದ ಮೋಹ. ಮರಳಿ ಕೊಟ್ಟದ್ದು ಮರುಮುದ್ರಣ.

ಉಳಿದ ಕಥೆ ಹಣದ್ದು. ಆ 1965ರ ಪ್ರತಿಯೊಂದು 2009ರಲ್ಲಿ 25,742 ಪೌಂಡಿಗೆ ಹೋಯಿತು. 2020ರಲ್ಲಿ ಒಂದು ಪ್ರತಿಗೆ 1,00,000 ಪೌಂಡು ಬಂತು. ವಿಲ್ಸನ್ ತೀರಿಕೊಂಡದ್ದು 2012ರಲ್ಲಿ. ಮೊದಲ ಮಾರಾಟದ ಹೊತ್ತಿಗೆ ಅವನು ಬದುಕಿದ್ದ, ಆದರೆ ಹಳೆಯ ಪ್ಲೇಟಿನ ಮಾರಾಟದಲ್ಲಿ ಹಾಡಿದವನಿಗೆ ಪಾಲು ಕೊಡುವ ಕಾನೂನಿಲ್ಲ. ಬ್ರಿಟನ್ನಿನಲ್ಲಿ ಚಿತ್ರಕಾರರಿಗೆ ಅಂಥ ಹಕ್ಕಿದೆ: 2006ರಿಂದ, ಚಿತ್ರವೊಂದು ಗ್ಯಾಲರಿ ಅಥವಾ ಹರಾಜಿನಲ್ಲಿ ಕೈ ಬದಲಿಸಿದರೆ ಬೆಲೆಯಲ್ಲಿ ನೂರಕ್ಕೆ ನಾಲ್ಕರವರೆಗೆ ಚಿತ್ರಕಾರನಿಗೆ ಸಲ್ಲಬೇಕು, 2012ರಿಂದ ಸತ್ತವರ ವಾರಸುದಾರರಿಗೂ. ಗಾಯಕರಿಗೆ ಇದಿಲ್ಲ. ಅಂದರೆ ಲಕ್ಷ ಪೌಂಡಿನ ಆ ವ್ಯವಹಾರ ಒಬ್ಬ ಸಂಗ್ರಾಹಕನಿಂದ ಇನ್ನೊಬ್ಬ ಸಂಗ್ರಾಹಕನಿಗೆ ಸರಿದ ಹಣ. ಅದನ್ನು ಹೂಡಿಕೆ ಅನ್ನಿ, ಷೋಕಿ ಅನ್ನಿ, ಪ್ರೀತಿ ಅಂತ ಬೇಕಾದರೂ ಅನ್ನಿ. ಗಾಯಕನಿಗೆ ಸಲ್ಲಿಸಿದ ಗೌರವ ಎಂದು ಮಾತ್ರ ಅನ್ನಬೇಡಿ.

ಬೆಲೆಗೂ ಹಾಡಿಗೂ ಏನಾದರೂ ಸಂಬಂಧವಿದೆಯೇ ಎಂದು ಕೇಳುವವರಿಗೆ ಡ್ಯಾರೆಲ್ ಬ್ಯಾಂಕ್ಸ್ ಒಬ್ಬನೇ ಸಾಕು. ಅವನ ಓಪನ್ ದ ಡೋರ್ ಟು ಯುವರ್ ಹಾರ್ಟ್ 1966ರಲ್ಲಿ ಅಮೆರಿಕದಲ್ಲಿ ರೆವಿಲಾಟ್ ಲೇಬಲ್‌ನಲ್ಲಿ ಬಂದು ಜೋರಾಗಿ ಗೆದ್ದ ಹಾಡು. ಹಾಗಾಗಿ ಆ ಅಮೆರಿಕನ್ ಪ್ಲೇಟು, ನಿಜವಾದ ಮೊಟ್ಟಮೊದಲ ಮುದ್ರಣ, ಇವತ್ತಿಗೂ ಅಗ್ಗಕ್ಕೆ ಸಿಗುತ್ತದೆ. ಬ್ರಿಟನ್ನಿನಲ್ಲಿ ಅದನ್ನು ಲಂಡನ್ ಎಂಬ ಲೇಬಲ್ ಹೊರತರಲು ಹೊರಟು, ಹಕ್ಕು ಸ್ಟೇಟ್‌ಸೈಡ್ ಲೇಬಲ್‌ನ ಪಾಲಾದ್ದರಿಂದ ಹಿಂತೆಗೆದುಕೊಂಡಿತು. ಲಂಡನ್ ಲೇಬಲ್ಲಿನ ಒಂದು ಪ್ರತಿ 2014ರಲ್ಲಿ ಸಿಕ್ಕಿದಾಗ 14,543 ಪೌಂಡಿಗೆ ಮಾರಾಟವಾಯಿತು. ಹಾಡು ಅದೇ, ಕೊರಳು ಅದೇ, ತಾಳ ಅದೇ. ಹದಿನಾಲ್ಕು ಸಾವಿರ ಪೌಂಡಿನ ವ್ಯತ್ಯಾಸ ಇರುವುದು ನಡುವಿನ ಕಾಗದದ ಚಕ್ರದಲ್ಲಿ, ಒಂದು ಕಂಪನಿಯ ಕಾಗದಪತ್ರದ ಎಡವಟ್ಟಿನಲ್ಲಿ. ಬ್ಯಾಂಕ್ಸ್ 1970ರಲ್ಲಿ ಡೆಟ್ರಾಯಿಟಿನಲ್ಲಿ ಪೊಲೀಸನೊಬ್ಬನ ಗುಂಡಿಗೆ ಬಲಿಯಾದ. ಆ ಪ್ಲೇಟಿನ ಸುದ್ದಿ ಹೇಳುವಾಗ ಬೆಲೆಯ ಕೊನೆಯ ಮೂರು ಪೌಂಡನ್ನೂ ಬಿಡದೆ ಒಪ್ಪಿಸುವವರ ಬಾಯಲ್ಲಿ ಈ ಸಾವು ಬರುವುದು ಅಪರೂಪ.

ಸಂಗ್ರಾಹಕರ ವಿದ್ಯೆಯನ್ನು ನಾನು ಹಗುರ ಮಾಡುತ್ತಿಲ್ಲ. ಪಳಗಿದವನೊಬ್ಬ ಪ್ಲೇಟನ್ನು ಪರೀಕ್ಷಿಸುವುದು ನೋಡಲು ಸೊಗಸು. ಮೊದಲು ಅಂಚನ್ನಷ್ಟೇ ಹಿಡಿದು ಬೆಳಕಿಗೆ ಓರೆಮಾಡುತ್ತಾನೆ. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಸ್ಟೈರೀನೋ ವಿನೈಲೋ ಸದ್ದಿನಲ್ಲೇ ತಿಳಿಯುತ್ತದೆ. ಸ್ಟೈರೀನಾದರೆ ಲೇಬಲ್ ಅಚ್ಚಿನಲ್ಲಿ ಒತ್ತಿದ್ದಲ್ಲ, ಆಮೇಲೆ ಅಂಟಿಸಿದ್ದು, ಅದರ ಅಂಚು ಕಣ್ಣಿಗೆ ಕಾಣುತ್ತದೆ. ಆಮೇಲೆ ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಪಟ್ಟಿಗೆ ಭೂತಗನ್ನಡಿ. ಅಲ್ಲಿ ಗೀಚಿದ ಅಂಕಿಗಳಿರುತ್ತವೆ. ಪುಟ್ಟ ತ್ರಿಕೋನ, ಅದರ ಪಕ್ಕ ಒಂದು ಸಂಖ್ಯೆ ಕಂಡರೆ ಲಾಸ್ ಏಂಜಲೀಸಿನ ಮೊನಾರ್ಕ್ ಕಾರ್ಖಾನೆಯ ಕೆಲಸ. ಆ ಸಂಖ್ಯೆಯಿಂದ ಅದು ಅಚ್ಚಾದ ಕಾಲವನ್ನೂ ಸುಮಾರಾಗಿ ಹೇಳಬಹುದು. ಯಂತ್ರ ಒತ್ತಿದ ಅಂಕಿ ಇರಬೇಕಾದಲ್ಲಿ ಕೈಯಲ್ಲಿ ಗೀಚಿದ್ದು ಕಂಡರೆ ಅನುಮಾನಕ್ಕೆ ಎಡೆ. ಹೀಗೆ ಪಟ್ಟಿ ಮಾಡಿ ಮಾಡಿಯೇ ಯಾವ ಹಾಡು ಯಾವ ಸ್ಟುಡಿಯೋದಲ್ಲಿ ಹುಟ್ಟಿತು, ಹೆಸರಿಲ್ಲದ ಹಿನ್ನೆಲೆ ಗಾಯಕಿಯರು ಯಾರು ಎಂಬುದೆಲ್ಲ ಹೊರಗೆ ಬಂತು. ವಾಷಿಂಗ್ಟನ್‌ನ ಶ್ರೈನ್ ಎಂಬ ಪುಟ್ಟ ಲೇಬಲ್, ಮೋಟೌನ್ ಸ್ಥಾಪಕ ಬೆರ್ರಿ ಗಾರ್ಡಿಯ ಮಾಜಿ ಪತ್ನಿ ರೇನೋಮಾ ಕೂಡ ಕಟ್ಟಿದ್ದು, ಈ ಸಂಗ್ರಾಹಕರಿಲ್ಲದಿದ್ದರೆ ಚರಿತ್ರೆಯಿಂದಲೇ ಅಳಿಸಿಹೋಗುತ್ತಿತ್ತು. ಅದಕ್ಕೆಲ್ಲ ಋಣಿ. ಆದರೆ ಪ್ಲೇಟನ್ನು ಓದುವ ವಿದ್ಯೆಗೂ, ಮೂಲ ಪ್ಲೇಟಿಲ್ಲದವನು ಹಾಡು ಹಾಕಕೂಡದು ಎಂಬ ಕಟ್ಟಳೆಗೂ ಏನು ಸಂಬಂಧ? ಮೊದಲನೆಯದು ಪಾಂಡಿತ್ಯ, ಎರಡನೆಯದು ಬಾಗಿಲು ಕಾಯುವ ಕೆಲಸ.

ಅವರ ವಾದಗಳಲ್ಲಿ ಒಂದಕ್ಕೆ ಮಾತ್ರ ತೂಕವಿದೆ. 1970ರ ದಶಕದಲ್ಲಿ ಕಳ್ಳಮುದ್ರಣಗಳ ಹಾವಳಿ ಇತ್ತು. ಹಕ್ಕುದಾರರಿಗೆ ತಿಳಿಸದೆ ಅಚ್ಚು ಹಾಕಿ ಮಾರಿದವರಿಂದ ಗಾಯಕರಿಗೆ ನಯಾಪೈಸೆ ಹೋಗಲಿಲ್ಲ. ಅದನ್ನು ತಡೆಯಲು ಮೂಲ ಮುದ್ರಣ ಮಾತ್ರ ಎಂಬ ನಿಯಮ ಬೇಕಾಯಿತು ಎನ್ನುತ್ತಾರೆ. ಒಪ್ಪೋಣ. ಕಳ್ಳಮಾಲನ್ನು ತಡೆಯಬೇಕಾದರೆ ಕಳ್ಳಮಾಲನ್ನು ತಡೆಯಿರಿ. ಹಕ್ಕು ಖರೀದಿಸಿ, ಒಪ್ಪಂದ ಮಾಡಿಕೊಂಡು, ಗಾಯಕರನ್ನೋ ಅವರ ಮಕ್ಕಳನ್ನೋ ಹುಡುಕಿ ಲೆಕ್ಕ ಒಪ್ಪಿಸುವ ಮರುಮುದ್ರಣವನ್ನೂ ಅದೇ ಗುಂಪಿಗೆ ಸೇರಿಸಿದ್ದೇಕೆ? 1982ರಿಂದ ಕೆಂಟ್ ಲೇಬಲ್ ಮಾಡುತ್ತ ಬಂದದ್ದು ಹಕ್ಕು ಪಡೆದ ಮರುಮುದ್ರಣವನ್ನು. ಗಾಯಕರಿಗೆ ಹಣ ಹೋಗುವ ಒಂದೇ ದಾರಿಯನ್ನು ಮುಚ್ಚಿ, ಹಣ ಹೋಗದ ದಾರಿಗೆ ಮಡಿಯ ಪಟ್ಟ ಕಟ್ಟಿದ ನಿಯಮ ಇದು. ಗಾಯಕರ ಹಿತಕ್ಕಾಗಿ ಹುಟ್ಟಿದ್ದಾದರೆ ಹೀಗಿರುತ್ತಿರಲಿಲ್ಲ.

ಮೂಲದ ದನಿಯೇ ಬೇರೆ ಎಂಬ ವಾದವೂ ಇದೆ. ಹೌದು, ಆ ಕಾಲದ ಒಳ್ಳೆಯ ಪ್ರತಿಯೊಂದರ ದನಿ ಗಟ್ಟಿಯಾಗಿ, ಎದೆಗೆ ಬಡಿಯುವಂತೆ ಇರುತ್ತದೆ. ಸವೆದ ಸ್ಟೈರೀನ್ ಪ್ರತಿಯದ್ದು ಹುರಿಗಡಲೆ ಸಿಡಿದ ಹಾಗಿರುತ್ತದೆ. ನಿಯಮಕ್ಕೆ ಎರಡೂ ಒಂದೇ.

ಇನ್ನು ಮೂಲ ಮುದ್ರಣವೇ ಇಲ್ಲದ ಹಾಡುಗಳನ್ನು ಏನು ಮಾಡುತ್ತೀರಿ? ಮೆಲ್ಬಾ ಮೂರ್ 1960ರ ದಶಕದಲ್ಲಿ ಹಾಡಿದ ಮ್ಯಾಜಿಕ್ ಟಚ್ ಆಗ ಬಿಡುಗಡೆಯೇ ಆಗಲಿಲ್ಲ. 1980ರ ದಶಕದಲ್ಲಿ ಕೆಂಟ್‌ನವರು ಹಳೆಯ ಟೇಪುಗಳ ರಾಶಿಯಲ್ಲಿ ಅದನ್ನು ಕಂಡು ಹೊರತಂದರು. ಇವತ್ತು ಅದು ಈ ಲೋಕದ ಮೆಚ್ಚಿನ ಹಾಡುಗಳಲ್ಲೊಂದು. ಮಾರ್ವಿನ್ ಗೇ ಹಾಡಿ ಮೋಟೌನ್ ಭಂಡಾರದಲ್ಲಿ ಕೊಳೆಯುತ್ತಿದ್ದ ಲವ್ ಸ್ಟಾರ್ವ್ಡ್ ಹಾರ್ಟ್ ಬೆಳಕು ಕಂಡದ್ದು 1994ರಲ್ಲಿ, ಸಿಡಿಯಾಗಿ, ಅವನು ತೀರಿಕೊಂಡ ಹತ್ತು ವರ್ಷದ ಮೇಲೆ. ಇವುಗಳಿಗೆ ಮಡಿ ಯಾವುದು? ಮುದ್ರಣದ ವರ್ಷವೇ ಪ್ರಮಾಣವಾದರೆ ಈ ಹಾಡುಗಳು 60ರ ದಶಕದವೇ ಅಲ್ಲ. ಹಾಡಿದ ವರ್ಷ ಪ್ರಮಾಣವಾದರೆ ಓವಿಓಗೆ ಅರ್ಥವೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ, ಇದೊಂದು ವಿನಾಯಿತಿ ಎಂದು ಮಾತು ತೇಲಿಸುತ್ತಾರೆ.

ನಿಯಮದ ಪೆಟ್ಟು ಯಾರಿಗೆ ಬೀಳುತ್ತದೆ ನೋಡಿ. ವಿಗನ್‌ಗೆ ಹೋಗುತ್ತಿದ್ದವರಲ್ಲಿ ಬಹಳಷ್ಟು ಮಂದಿ ಗಿರಣಿ, ಗಣಿ, ಕಾರ್ಖಾನೆಗಳ ಮನೆಯವರು. ವಾರದ ಕೂಲಿಯಲ್ಲಿ ಉಳಿಸಿ ಒಂದೊಂದೇ ಪ್ಲೇಟು ಕೊಂಡವರು. ಅವರ ವಯಸ್ಸಿನ ಇಂದಿನ ಹುಡುಗಿಯೊಬ್ಬಳು ಡಿಜೆಯಾಗಬೇಕೆಂದರೆ ಒಂದು ರಾತ್ರಿಗೆ ಬೇಕಾದ ಪೆಟ್ಟಿಗೆ ತುಂಬಿಸಲು ಕಾರಿನ ಬೆಲೆ ಬೇಕು, ನಡುವೆ ಒಂದೆರಡು ಹೆಸರಾಂತ ಪ್ಲೇಟಿದ್ದರೆ ಮನೆಯ ಬೆಲೆ. ಅವಳಿಗೆ ಕಿವಿಯಿದೆ, ಯಾವ ಹಾಡಿನ ಹಿಂದೆ ಯಾವ ಹಾಡು ಬಂದರೆ ನೆಲ ತುಂಬುತ್ತದೆ ಎಂಬ ಅಂದಾಜಿದೆ; ಅದು ಲೆಕ್ಕಕ್ಕಿಲ್ಲ. ಟರ್ನ್‌ಟೇಬಲ್ ಹಿಂದೆ ನಿಲ್ಲುವವರು ಬಹುತೇಕ ನಡುವಯಸ್ಸು ದಾಟಿದ ಗಂಡಸರೇ ಆಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮುಪ್ಪಾಗುತ್ತಿದೆ, ಹೊಸಬರು ಬರುತ್ತಿಲ್ಲ ಎಂದು ಗೋಳಾಡುವವರೂ ಇವರೇ.

ನೆನಪುಗಳ ಗತಿಯೂ ಇದೇ ಆಗಿದೆ. ವಿಗನ್‌ನ ಆ ಕಾಲ ನೋಡಿದವರು ಮಾತಿಗೆ ಕೂತರೆ ಕೇಳಬೇಕಾದ್ದು ಬೇಕಾದಷ್ಟಿದೆ: ಬೆಳಗಿನ ಎಂಟಕ್ಕೆ ಮೊದಲು ತಪ್ಪದೆ ಬರುತ್ತಿದ್ದ ಕೊನೆಯ ಮೂರು ಹಾಡು, ಬೆವರಿಗೆ ಗೋಡೆಯಿಂದ ತೊಟ್ಟಿಕ್ಕುತ್ತಿದ್ದ ನೀರು, ಭಾನುವಾರದ ಬಿಸಿಲಿಗೆ ಕಣ್ಣು ಕಿರಿದಾಗಿಸಿ ರೈಲು ಕಾದದ್ದು, ಎಡ್ವಿನ್ ಸ್ಟಾರ್, ಜಾಕಿ ವಿಲ್ಸನ್‌ರಂಥವರು ಅದೇ ವೇದಿಕೆಗೆ ಬಂದು ಹಾಡಿದ್ದು. ಸ್ಟಾರ್ ಅಂತೂ ಇಂಗ್ಲೆಂಡಿನಲ್ಲೇ ನೆಲೆಸಿ 2003ರಲ್ಲಿ ಅಲ್ಲೇ ತೀರಿಕೊಂಡ. ಆದರೆ ನೆನಪಿನ ಮಾತು ನಾಲ್ಕು ವಾಕ್ಯ ದಾಟುವುದರೊಳಗೆ ಪ್ಲೇಟಿನ ದರಪಟ್ಟಿಗೆ ಜಾರುತ್ತದೆ: ಅದನ್ನು ಆಗ ಇಷ್ಟಕ್ಕೆ ಕೊಂಡಿದ್ದೆ, ಇಷ್ಟಕ್ಕೆ ಕೊಟ್ಟುಬಿಟ್ಟೆ, ಈಗ ಅದರ ಬೆಲೆ ಇಷ್ಟು. ಒಂದು ಪ್ಲೇಟೂ ಕೊಳ್ಳದೆ ವರ್ಷಗಟ್ಟಲೆ ಕುಣಿದ ಹೆಣ್ಣುಮಕ್ಕಳು ಈ ಮಾತುಕತೆಯಲ್ಲಿ ಸುಮ್ಮನೆ ಕೂತಿರುತ್ತಾರೆ. ಅವರ ಬಳಿ ಒಪ್ಪಿಸಲು ಕ್ಯಾಟಲಾಗ್ ಸಂಖ್ಯೆ ಇಲ್ಲ, ಹಾಗಾಗಿ ಅವರ ನೆನಪು ನೆನಪೇ ಅಲ್ಲ ಎಂಬಂತಾಗಿದೆ. ನೆಲ ತುಂಬಿಸಿದವರು ಅವರು. ಖಾಲಿ ನೆಲದ ಮುಂದೆ ಎಷ್ಟು ಅಪರೂಪದ ಪ್ಲೇಟು ತಿರುಗಿಸಿದ್ದರೂ ವಿಗನ್ ಎಂಟು ವರ್ಷ ನಡೆಯುತ್ತಿರಲಿಲ್ಲ.

ಮರುಮುದ್ರಣಕ್ಕೆ ಬಾಗಿಲು ತೆರೆದರೆ ಹುಡುಕುವ ಉತ್ಸಾಹವೇ ಸತ್ತುಹೋಗುತ್ತದೆ ಎಂಬುದು ಅವರ ಕೊನೆಯ ಅಸ್ತ್ರ. ಹುಡುಕಬೇಡಿ ಎಂದವರು ಯಾರು? ಮೆಲ್ಬಾ ಮೂರ್‌ಳ ಟೇಪು ಹುಡುಕಿದವರು ಮರುಮುದ್ರಣದವರೇ. ಹುಡುಕಿ, ಕೊಳ್ಳಿ, ಗಾಜಿನ ಕಪಾಟಿನಲ್ಲಿಡಿ, ನಿಮ್ಮ ದುಡ್ಡು. ಕುಣಿತದ ನೆಲಕ್ಕೆ ಮಾತ್ರ ಆ ಕಪಾಟಿನ ಕಾನೂನು ತರಬೇಡಿ. ಫ್ರಾಂಕ್ ವಿಲ್ಸನ್‌ನ 1979ರ ಬ್ರಿಟಿಷ್ ಮುದ್ರಣ, ಹುಟ್ಟಿದಾಗ ಬರೀ ಮರುಮುದ್ರಣವಾಗಿದ್ದದ್ದು, ಈಗ ಸಂಗ್ರಾಹಕರು ಬೆಲೆ ಕಟ್ಟಿ ಕೊಳ್ಳುವ ವಸ್ತುವಾಗಿದೆ. ನಲವತ್ತು ವರ್ಷ ಕಳೆದರೆ ಮೈಲಿಗೆ ತಾನಾಗಿ ಮಡಿಯಾಗುವುದಾದರೆ, ಈ ವರ್ಷ ಅಚ್ಚಾದ ಪ್ಲೇಟಿಗೂ ಅಷ್ಟು ಕಾಯಿಸುವುದು ಯಾಕೆ? ಈ ಶನಿವಾರ ರಾತ್ರಿಯೇ ಹಾಕಿ.